ಸಂಖ್ಯೆ ಬರೆದರೆ ಕಬ್ಬಿಣ ನಡೆಯುತ್ತದೆ

ಈಗಿನ ಮಕ್ಕಳು ಬ್ಯಾಂಕಿನ ಲೆಡ್ಜರ್ ನೋಡಿರುವುದಿಲ್ಲ. ಎರಡೂ ಕೈಯಲ್ಲಿ ಎತ್ತಬೇಕಾದಷ್ಟು ಭಾರದ, ದಪ್ಪ ರಟ್ಟಿನ ಪುಸ್ತಕ ಅದು. ಪ್ರತಿ ಖಾತೆಗೂ ಒಂದು ಪುಟ, ಪ್ರತಿ ಪುಟಕ್ಕೂ ಒಂದು ಸಂಖ್ಯೆ. ಆ ಪುಟಸಂಖ್ಯೆಗೆ ನಾವು ಫೋಲಿಯೊ ಎನ್ನುತ್ತಿದ್ದೆವು. '214ನೇ ಫೋಲಿಯೊ ತೆಗೆಯಿರಿ' ಎಂದರೆ ಸಾಕು, ಯಾರ ಖಾತೆ, ಎಷ್ಟು ಬಾಕಿ ಎಂಬುದು ಕಣ್ಣೆದುರಿಗೆ ಬರುತ್ತಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಇಂಥ ಪುಟಗಳನ್ನು ಓದಿದ್ದೇನೆ, ಅವುಗಳಲ್ಲಿ ಬರೆದಿದ್ದೇನೆ.

ಆದರೆ ಲೆಡ್ಜರಿನಲ್ಲಿ ನಾನು 500 ಎಂದು ಬರೆದ ಮಾತ್ರಕ್ಕೆ ಕ್ಯಾಷಿಯರ್ ಹಣ ಎಣಿಸಲು ಶುರುಮಾಡುತ್ತಿರಲಿಲ್ಲ. ಅದನ್ನು ಇನ್ನೊಬ್ಬರು ನೋಡಬೇಕು, ಸಹಿ ಹಾಕಬೇಕು, ಆಮೇಲೆ ಹಣ. ಬರೆದ ಮರುಕ್ಷಣವೇ ಕಬ್ಬಿಣ ಎದ್ದು ನಡೆಯುವ ಒಂದು ಲೆಡ್ಜರ್ ಇದೆ ಎಂದು ನನಗೆ ಗೊತ್ತಾದದ್ದು ನಿವೃತ್ತನಾಗಿ ಎಷ್ಟೋ ವರ್ಷವಾದ ಮೇಲೆ. ಅದರ ಹೆಸರು ಮೋಷನ್ ಕಂಟ್ರೋಲರ್. ಕನ್ನಡದಲ್ಲಿ ಬೇಕಾದರೆ ಚಲನೆಯ ನಿಯಂತ್ರಕ ಎನ್ನಿ. ಬಿಸ್ಕತ್ತಿನ ಪೊಟ್ಟಣ ಕಟ್ಟುವ ಯಂತ್ರದಲ್ಲಿ, ಬಟ್ಟೆಗೆ ಕಸೂತಿ ಹಾಕುವ ಯಂತ್ರದಲ್ಲಿ, ಕಾರಿನ ಬಿಡಿಭಾಗ ಕೊರೆಯುವ ಯಂತ್ರದಲ್ಲಿ ಇದು ಇರುತ್ತದೆ. ನಾವು ದಿನವೂ ಬಳಸುವ ಎಷ್ಟೋ ವಸ್ತುಗಳು ಇದರ ಕೈಯಿಂದಲೇ ಬಂದವು.

ನನಗೆ ಇದನ್ನು ಕಲಿಸಿದವಳು ನನ್ನ ಮೊಮ್ಮಗಳು. ಬೆಂಗಳೂರಿನ ಪೀಣ್ಯದ ಒಂದು ಚಿಕ್ಕ ಕಾರ್ಖಾನೆಯಲ್ಲಿ ಅವಳ ಕೆಲಸ. ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಬರೆದು ಅಲ್ಲಿನ ಯಂತ್ರಗಳ ನಿಯಂತ್ರಕದ ಜೊತೆ ಮಾತಾಡಿಸುವುದು. 'ಏನಮ್ಮಾ ನಿನ್ನ ಕೆಲಸ?' ಎಂದು ಕೇಳಿದರೆ, 'ನಿಮ್ಮದೇ ಕೆಲಸ ತಾತ. ಫೋಲಿಯೊ ಓದುವುದು, ಫೋಲಿಯೊ ಬರೆಯುವುದು' ಎಂದಳು. ಹುಡುಗಿ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಅಲ್ಲ, ಅವಳು ಹೇಳಿದ್ದು ಅಕ್ಷರಶಃ ನಿಜ.

ಒಂದು ಮಿಲಿಮೀಟರ್ ಎಂದರೆ 800

ಮೊದಲು ಯಂತ್ರವನ್ನು ಕಣ್ಣಮುಂದೆ ತಂದುಕೊಳ್ಳಿ. ಒಂದು ಕಬ್ಬಿಣದ ಮೇಜು. ಅದರ ಮೇಲೆ ಲೋಹದ ತುಂಡನ್ನು ಬಿಗಿಯುತ್ತಾರೆ. ಮೇಲಿನಿಂದ ಡ್ರಿಲ್ ಇಳಿದು ತೂತು ಕೊರೆಯುತ್ತದೆ. ತೂತು ಎಲ್ಲಿ ಬೇಕೋ ಅಲ್ಲಿಗೆ ಮೇಜೇ ಸರಿದು ನಿಲ್ಲಬೇಕು. ಮೇಜನ್ನು ಸರಿಸುವುದು ಅದರ ಕೆಳಗಿರುವ ಉದ್ದನೆಯ ತಿರುಪು ಸರಳು. ಸರಳನ್ನು ತಿರುಗಿಸುವುದು ಮೋಟಾರು. ಸರಳು ಒಂದು ಸುತ್ತು ತಿರುಗಿದರೆ ಮೇಜು 5 ಮಿ.ಮೀ. ಸರಿಯುತ್ತದೆ ಎಂದಿಟ್ಟುಕೊಳ್ಳಿ.

ಮೋಟಾರಿನ ಬೆನ್ನಿಗೆ ಒಂದು ತೆಳ್ಳನೆಯ ಬಿಲ್ಲೆ ಇರುತ್ತದೆ. ಅದರ ಸುತ್ತ 1,000 ಸೀಳುಗಳು. ಒಂದು ಕಡೆಯಿಂದ ಬೆಳಕು ಬಿಟ್ಟು ಇನ್ನೊಂದು ಕಡೆಯಿಂದ ಎರಡು ಕಣ್ಣುಗಳು ನೋಡುತ್ತವೆ. ಬೆಳಕು ಬಂತು, ಹೋಯಿತು, ಬಂತು, ಹೋಯಿತು ಎಂದು ಎಣಿಸುತ್ತವೆ. ಇದಕ್ಕೆ ಎನ್‌ಕೋಡರ್ ಎಂದು ಹೆಸರು. ಎರಡು ಕಣ್ಣುಗಳಿರುವುದರಿಂದ ಒಂದೊಂದು ಸೀಳಿಗೆ ನಾಲ್ಕು ಎಣಿಕೆ ಸಿಗುತ್ತದೆ. ಮೋಟಾರು ಯಾವ ಕಡೆ ತಿರುಗುತ್ತಿದೆ ಎಂಬುದೂ ತಿಳಿಯುತ್ತದೆ. ಹಾಗಾಗಿ ಒಂದು ಸುತ್ತಿಗೆ 4,000 ಎಣಿಕೆ. ಈಗ ಲೆಕ್ಕ ಮಾಡಿ ಮಕ್ಕಳೇ: 4,000 ಎಣಿಕೆಗೆ 5 ಮಿ.ಮೀ. ಆದರೆ 1 ಮಿ.ಮೀ.ಗೆ ಎಷ್ಟು? 800. ನಮ್ಮ ತಲೆಗೂದಲಿನ ದಪ್ಪವೂ ಈ ಯಂತ್ರಕ್ಕೆ ಹಲವಾರು ಎಣಿಕೆಗಳಷ್ಟು ದೂರ.

ಮೋಷನ್ ಕಂಟ್ರೋಲರ್ ಮಾಡುವ ಕೆಲಸ ಇಷ್ಟೇ: 'ಎಲ್ಲಿರಬೇಕು?' ಎಂದು ಒಂದು ಸಂಖ್ಯೆ ನೋಡುವುದು, 'ಎಲ್ಲಿದ್ದೇನೆ?' ಎಂದು ಎನ್‌ಕೋಡರ್ ಕಡೆ ನೋಡುವುದು, ಎರಡನ್ನೂ ಕಳೆದು ಉಳಿದ ವ್ಯತ್ಯಾಸಕ್ಕೆ ತಕ್ಕಂತೆ ಮೋಟಾರನ್ನು ತಳ್ಳುವುದು. ವ್ಯತ್ಯಾಸ ಹೆಚ್ಚಿದ್ದರೆ ಜೋರಾಗಿ, ಕಡಿಮೆಯಿದ್ದರೆ ಮೆಲ್ಲಗೆ, ಸೊನ್ನೆಯಾದರೆ ಸುಮ್ಮನೆ. ಇದನ್ನು ಅದು ಸೆಕೆಂಡಿಗೆ ಸಾವಿರ ಸಲ ಮಾಡಬಲ್ಲದು. ನಾವು ರಾತ್ರಿ ಹತ್ತಾದರೂ ದಿನಕ್ಕೊಮ್ಮೆ ಟ್ಯಾಲಿ ಮಾಡಲು ಹೆಣಗುತ್ತಿದ್ದುದು ನೆನಪಾಗಿ ನಗು ಬಂತು.

ಮೆಮೊರಿಯೆಂಬ ಖಾನೆಗಳು

'ಎಲ್ಲಿರಬೇಕು' ಎಂಬ ಆ ಸಂಖ್ಯೆ ಇರುವುದು ನಿಯಂತ್ರಕದ ಮೆಮೊರಿಯಲ್ಲಿ. ಮೆಮೊರಿ ಎಂದರೆ ಸಾಲಾಗಿ ಜೋಡಿಸಿದ ಖಾನೆಗಳು. ಪ್ರತಿ ಖಾನೆಗೂ ಒಂದು ವಿಳಾಸ, ಅಂದರೆ ಒಂದು ಕ್ರಮಸಂಖ್ಯೆ. ಒಂದು ಖಾನೆಯಲ್ಲಿ ಹೋಗಬೇಕಾದ ಜಾಗ, ಇನ್ನೊಂದರಲ್ಲಿ ವೇಗ, ಮತ್ತೊಂದರಲ್ಲಿ ಈಗ ಇರುವ ಜಾಗ. ಕಂಪ್ಯೂಟರಿನ ಪ್ರೋಗ್ರಾಮ್ 'ಇಂಥ ವಿಳಾಸದಲ್ಲಿ ಏನಿದೆ?' ಎಂದು ಕೇಳಿದರೆ ಅದು ಓದು. 'ಇಂಥ ವಿಳಾಸದಲ್ಲಿ ಈ ಸಂಖ್ಯೆ ಹಾಕು' ಎಂದರೆ ಅದು ಬರಹ.

ಈ ಕೇಳುವ ಹೇಳುವ ಮಾತಿಗೆ ಒಂದು ಒಪ್ಪಿದ ಭಾಷೆ ಬೇಕಲ್ಲ? ಅಂಥ ಭಾಷೆಗಳಲ್ಲಿ ಹಳೆಯದು, ಇಂದಿಗೂ ನಡೆಯುತ್ತಿರುವುದು ಮಾಡ್‌ಬಸ್. ಅಮೆರಿಕದ ಮಾಡಿಕಾನ್ ಕಂಪನಿ ಅದನ್ನು ಹೊರತಂದದ್ದು 1979ರಲ್ಲಿ. ಕಾರ್ಖಾನೆಯ ಯಂತ್ರಗಳನ್ನು ಪ್ರೋಗ್ರಾಮಿನಿಂದ ನಡೆಸುವ ಪೆಟ್ಟಿಗೆಯ ಕಲ್ಪನೆಯನ್ನು 1968ರಲ್ಲಿ ಕಾಗದಕ್ಕಿಳಿಸಿದ ಡಿಕ್ ಮಾರ್ಲಿ ಎಂಬ ಎಂಜಿನಿಯರರ ಬಳಗವೇ ಮಾಡಿಕಾನ್ ಕಟ್ಟಿದ್ದು. ಅವರ ಮೊದಲ ಪೆಟ್ಟಿಗೆಯ ಹೆಸರು 084. ಅದು ಅವರ 84ನೇ ಯೋಜನೆಯಾಗಿತ್ತು, ಅದಕ್ಕೇ ಆ ಹೆಸರು.

ಮಾಡ್‌ಬಸ್‌ನ ಒಂದು ಪ್ರಶ್ನೆ ಹೇಗಿರುತ್ತದೆ ಗೊತ್ತೆ? ಎಂಟೇ ಎಂಟು ಸಂಖ್ಯೆಗಳು. ಉದಾಹರಣೆಗೆ: 1, 3, 0, 0, 0, 2, 196, 11. ಬ್ಯಾಂಕಿನ ಚಲನ್ ಓದಿದ ಹಾಗೆ ಓದಿ. ಮೊದಲ 1 ಎಂದರೆ ಯಾವ ಯಂತ್ರಕ್ಕೆ, ಒಂದನೇ ಯಂತ್ರಕ್ಕೆ. ಮುಂದಿನ 3 ಎಂದರೆ ಏನು ಕೆಲಸ. ಖಾನೆ ಓದಿ ಹೇಳುವುದು. ಒಂದು ಖಾನೆಗೆ ಬರೆಯಬೇಕಾದರೆ ಅಲ್ಲಿ 6 ಇರುತ್ತದೆ, ಹಲವು ಖಾನೆಗಳಿಗೆ ಒಟ್ಟಿಗೆ ಬರೆಯಬೇಕಾದರೆ 16. ಆಮೇಲಿನ 0, 0 ಎಂದರೆ ಯಾವ ವಿಳಾಸದಿಂದ, ಸೊನ್ನೆಯಿಂದ. 0, 2 ಎಂದರೆ ಎಷ್ಟು ಖಾನೆ, ಎರಡು. ಕೊನೆಯ 196, 11 ಇವು ತಾಳೆಯ ಸಂಖ್ಯೆಗಳು. ಮೊದಲಿನ ಆರನ್ನು ಒಂದು ಗೊತ್ತಾದ ರೀತಿಯಲ್ಲಿ ಲೆಕ್ಕ ಹಾಕಿದರೆ ಇವು ಬರಬೇಕು. ತಂತಿಯಲ್ಲಿ ಬರುವಾಗ ಒಂದು ಅಂಕಿ ಕೆಟ್ಟಿದ್ದರೂ ತಾಳೆಯಾಗುವುದಿಲ್ಲ, ನಿಯಂತ್ರಕ ಆ ಚೀಟಿಯನ್ನು ಸದ್ದಿಲ್ಲದೆ ತಳ್ಳಿಹಾಕುತ್ತದೆ.

ಇದನ್ನು ಕೇಳಿದಾಗ ನನ್ನ ಬಿ.ಕಾಂ. ದಿನಗಳ ಪಾಠ ನೆನಪಾಯಿತು. ಟ್ರಯಲ್ ಬ್ಯಾಲೆನ್ಸ್ ಸರಿಹೊಂದಿತು ಎಂದ ಮಾತ್ರಕ್ಕೆ ಲೆಕ್ಕ ಸರಿ ಎನ್ನುವಂತಿಲ್ಲ. ರಾಮನ ಖಾತೆಗೆ ಹಾಕಬೇಕಾದ ನೂರು ರೂಪಾಯಿಯನ್ನು ಭೀಮನ ಖಾತೆಗೆ ಹಾಕಿದರೂ ಒಟ್ಟು ಮೊತ್ತ ಹೊಂದಿಯೇ ಹೊಂದುತ್ತದೆ. ಇಲ್ಲಿಯೂ ಅಷ್ಟೆ. ಕಳಿಸಿದ್ದು ಹಾಗೆಯೇ ತಲುಪಿತು ಎಂದು ತಾಳೆಯ ಸಂಖ್ಯೆ ಹೇಳೀತು. ಕಳಿಸಿದ್ದೇ ತಪ್ಪಾಗಿದ್ದರೆ ಅದೇನು ಮಾಡೀತು?

ತಪ್ಪು ಖಾತೆಗೆ ಹೋಗುವುದು ಇಲ್ಲಿ ಬಹಳ ಸುಲಭ. ಮಾಡ್‌ಬಸ್ ಕೈಪಿಡಿಗಳಲ್ಲಿ ಖಾನೆಗಳನ್ನು 40001, 40002 ಎಂದು ಒಂದರಿಂದ ಎಣಿಸುವ ರೂಢಿ. ಆದರೆ ತಂತಿಯ ಮೇಲೆ ಹೋಗುವ ವಿಳಾಸ ಸೊನ್ನೆಯಿಂದ ಶುರು. 40001 ಎಂದರೆ ವಿಳಾಸ 0, 40002 ಎಂದರೆ ವಿಳಾಸ 1. ಅಪಾರ್ಟ್‌ಮೆಂಟಿನಲ್ಲಿ 'ಒಂದನೇ ಮಹಡಿ' ಎಂದರೆ ಕೆಲವರು ನೆಲಮಹಡಿ ಎಂದುಕೊಳ್ಳುತ್ತಾರೆ, ಕೆಲವರು ಮೆಟ್ಟಿಲು ಹತ್ತುತ್ತಾರೆ. ಅಂಚೆಯವನಾದರೆ ಬಾಗಿಲು ತಟ್ಟಿ ಕೇಳಿಯಾನು. ಪ್ರೋಗ್ರಾಮ್ ಕೇಳುವುದಿಲ್ಲ. ಜಾಗದ ಖಾನೆಗೆ ಹಾಕಬೇಕಾದ 40,000 ಪಕ್ಕದ ವೇಗದ ಖಾನೆಯಲ್ಲಿ ಬಿದ್ದರೆ ಏನಾದೀತು, ನೀವೇ ಊಹಿಸಿ.

ಬಾಗಿದ ಸ್ಕೇಲು

ಮೊಮ್ಮಗಳ ಕಾರ್ಖಾನೆ ನೋಡಲು ಒಮ್ಮೆ ಹೋಗಿದ್ದೆ. ಗೋಡೆಯ ಮೇಲೆ ಗಣಪತಿಯ ಪಟದ ಪಕ್ಕದಲ್ಲಿ ಒಂದು ಉಕ್ಕಿನ ಸ್ಕೇಲು ತೂಗುಹಾಕಿತ್ತು. ಬಿಲ್ಲಿನ ಹಾಗೆ ಬಾಗಿತ್ತು. 'ಇದೇಕೆ ಇಲ್ಲಿ?' ಎಂದೆ. ಅವಳು ಹೇಳಿದ ಕತೆ ಇದು.

ಅವಳು ಸೇರುವುದಕ್ಕೆ ಮೊದಲೇ ಯಾರೋ ಬರೆದಿಟ್ಟ ಪ್ರೋಗ್ರಾಮಿನಿಂದ ಡ್ರಿಲ್ ಮೇಜು ಒಂದು ವರ್ಷ ಚೆನ್ನಾಗಿ ನಡೆದಿತ್ತು. ಆಗ ಬರುತ್ತಿದ್ದ ತುಂಡುಗಳಲ್ಲಿ ಅತಿ ದೂರದ ತೂತು 40 ಮಿ.ಮೀ.ನಲ್ಲಿ. ಒಂದು ದಿನ ಹೊಸ ಆರ್ಡರ್ ಬಂತು. ಅದರಲ್ಲಿ ಒಂದು ತೂತು 50 ಮಿ.ಮೀ.ನಲ್ಲಿ ಬೇಕು. 50 ಗುಣಿಸು 800, ಅಂದರೆ 40,000. ಕಂಪ್ಯೂಟರ್ 40,000 ಎಂದು ಬರೆಯಿತು. ಮೇಜು ಬಲಕ್ಕೆ ಹೋಗಬೇಕಿತ್ತು. ಎಡಕ್ಕೆ ನುಗ್ಗಿತು. ಎಡಗಡೆ ಒಬ್ಬ ಹುಡುಗ ಲೋಹದ ಚೂರು ಗುಡಿಸುತ್ತಿದ್ದ. ಬ್ರಷ್ ತರಲೆಂದು ಅವನು ಆಗಷ್ಟೇ ಕೈ ಹಿಂದೆಗೆದು ತಿರುಗಿದ್ದ. ಅವನ ಕೈಯಿದ್ದ ಜಾಗದಲ್ಲಿ ಉಳಿದದ್ದು ಈ ಸ್ಕೇಲು ಮಾತ್ರ. ಮೇಜಿಗೂ ಕಂಬಕ್ಕೂ ನಡುವೆ ಸಿಕ್ಕಿ ಬಾಗಿತು.

ಯಂತ್ರ ಕೆಟ್ಟಿರಲಿಲ್ಲ. ಕಂಪ್ಯೂಟರ್ ಕೆಟ್ಟಿರಲಿಲ್ಲ. ತಂತಿಯಲ್ಲಿ ಅಂಕಿ ಕೆಟ್ಟಿರಲಿಲ್ಲ. ಹಾಗಾದರೆ ಏನಾಯಿತು?

ಮಾಡ್‌ಬಸ್‌ನ ಒಂದು ಖಾನೆಯೆಂದರೆ 16 ಚಿಕ್ಕ ಸ್ವಿಚ್‌ಗಳು. ಒಂದೊಂದೂ ಆನ್ ಅಥವಾ ಆಫ್. ಎರಡನ್ನು ಎರಡರಿಂದ ಗುಣಿಸುತ್ತಾ 16 ಎರಡುಗಳನ್ನು ಮುಗಿಸಿದರೆ 65,536 ಬರುತ್ತದೆ. ಹಾಗಾಗಿ ಒಂದು ಖಾನೆಯಲ್ಲಿ 0ಯಿಂದ 65,535ರವರೆಗೆ ಬರೆಯಬಹುದು. ಆದರೆ ಮೇಜು ಸೊನ್ನೆಯ ಆ ಕಡೆಗೂ ಹೋಗಬೇಕಲ್ಲ? ಮೈನಸ್ ಸಂಖ್ಯೆ ಬರೆಯುವುದು ಹೇಗೆ?

ಸ್ಕೂಟರಿನ ಹಳೆಯ ಕಿಲೋಮೀಟರ್ ಮೀಟರನ್ನು ನೆನೆಸಿಕೊಳ್ಳಿ. 00000 ಇದ್ದಾಗ ಒಂದು ಹೆಜ್ಜೆ ಹಿಂದಕ್ಕೆ ತಿರುಗಿಸಿದರೆ 99999 ಕಾಣುತ್ತದೆ. ಅಲ್ಲಿ 99999 ಎಂದರೆ 'ಸೊನ್ನೆಗಿಂತ ಒಂದು ಕಡಿಮೆ' ಎಂದು ಓದಬಹುದು. ಖಾನೆಯಲ್ಲೂ ಇದೇ ಉಪಾಯ. 65,535 ಎಂದರೆ ಮೈನಸ್ 1. ಹೀಗೆ ಮೇಲಿನ ಅರ್ಧವನ್ನೆಲ್ಲ, ಅಂದರೆ 32,768ರಿಂದ ಮೇಲಿನದನ್ನೆಲ್ಲ, ಮೈನಸ್ ಸಂಖ್ಯೆಗಳಿಗೆ ಬಿಟ್ಟುಕೊಡುತ್ತಾರೆ. ನೇರ ಸಂಖ್ಯೆಗಳಿಗೆ ಉಳಿದದ್ದು 32,767ರವರೆಗೆ. ಅದನ್ನು 800ರಿಂದ ಭಾಗಿಸಿ. ಸುಮಾರು 40.96 ಮಿ.ಮೀ.

ಒಂದು ವರ್ಷ ಚೆನ್ನಾಗಿ ನಡೆದದ್ದು ಏಕೆಂದು ಈಗ ತಿಳಿಯಿತಲ್ಲ? 40 ಮಿ.ಮೀ. ಆ ಗಡಿಯ ಒಳಗಿತ್ತು, 50 ಹೊರಗಿತ್ತು. ಕಂಪ್ಯೂಟರ್ ಬರೆದ 40,000ವನ್ನು ನಿಯಂತ್ರಕ ಓದಿದ್ದು 40,000 ಕಳೆ 65,536, ಅಂದರೆ ಮೈನಸ್ 25,536 ಎಂದು. 800ರಿಂದ ಭಾಗಿಸಿದರೆ ಎಡಕ್ಕೆ 31.92 ಮಿ.ಮೀ. ಸ್ಕೇಲು ಬಾಗಿದ್ದು ಅಲ್ಲಿ. ಬರೆದವರು ಒಂದು ಅರ್ಥದಲ್ಲಿ ಬರೆದರು, ಓದಿದವರು ಇನ್ನೊಂದು ಅರ್ಥದಲ್ಲಿ ಓದಿದರು. ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿ! ನಡುವೆ ಒಂದು ಕೈ ಇತ್ತು, ಅಷ್ಟೆ.

ಚೌಬೀಸ್ ಮತ್ತು ಇಪ್ಪತ್ತನಾಲ್ಕು

ದೊಡ್ಡ ಸಂಖ್ಯೆ ಒಂದು ಖಾನೆಯಲ್ಲಿ ಹಿಡಿಸದಿದ್ದರೆ ಎರಡು ಖಾನೆ ಬಳಸಬೇಕು. ಅವರೂ ಹಾಗೇ ಮಾಡಿದರು. 70,000 ಬರೆಯಬೇಕೆನ್ನಿ. ಅದು 87.5 ಮಿ.ಮೀ. ದೂರ. 70,000 ಎಂದರೆ ಒಂದು 65,536 ಮತ್ತು ಮೇಲೆ 4,464. ಆದ್ದರಿಂದ ಒಂದು ಖಾನೆಯಲ್ಲಿ 1, ಇನ್ನೊಂದರಲ್ಲಿ 4,464. ಸುಲಭ. ಆದರೆ ಮೊದಲ ಖಾನೆಯಲ್ಲಿ ಯಾವುದು?

ಕನ್ನಡದಲ್ಲಿ ನಾವು ಇಪ್ಪತ್ತು ನಾಲ್ಕು ಎನ್ನುತ್ತೇವೆ, ದೊಡ್ಡದು ಮೊದಲು. ಹಿಂದಿಯವರು ಚೌಬೀಸ್ ಎನ್ನುತ್ತಾರೆ. ನಾಲ್ಕು ಮೊದಲು, ಇಪ್ಪತ್ತು ಆಮೇಲೆ. ನಮ್ಮ ಹಳೆಯ ಶಾಸನಗಳಲ್ಲಿ ಪದಗಳ ಮೂಲಕ ವರ್ಷ ಹೇಳುವಾಗಲೂ ಬಿಡಿಯಿಂದ ಶುರುಮಾಡಿ ಬಲದಿಂದ ಎಡಕ್ಕೆ ಹೋಗುವ ಪದ್ಧತಿ ಇತ್ತು. ಕಂಪ್ಯೂಟರ್ ಲೋಕದಲ್ಲೂ ಎರಡೂ ಪಂಗಡಗಳಿವೆ. 1980ರಲ್ಲಿ ಡ್ಯಾನಿ ಕೊಹೆನ್ ಎಂಬ ವಿಜ್ಞಾನಿ ಈ ಜಗಳಕ್ಕೆ ಗಲಿವರನ ಪ್ರವಾಸದ ಕತೆಯಿಂದ ಹೆಸರು ಕೊಟ್ಟರು. ಮೊಟ್ಟೆಯನ್ನು ದಪ್ಪ ತುದಿಯಿಂದ ಒಡೆಯಬೇಕೋ ಸಣ್ಣ ತುದಿಯಿಂದಲೋ ಎಂದು ಆ ಕತೆಯ ಲಿಲಿಪುಟ್ಟಿನ ಜನ ಯುದ್ಧವನ್ನೇ ಮಾಡುತ್ತಾರೆ. ಅದಕ್ಕೇ ಇವರಿಗೆ 'ದಪ್ಪ ತುದಿಯವರು', 'ಸಣ್ಣ ತುದಿಯವರು' ಎಂದು ಹೆಸರು.

ಕಂಪ್ಯೂಟರ್ ಒಂದು ಪಂಗಡ, ನಿಯಂತ್ರಕ ಇನ್ನೊಂದು ಪಂಗಡ ಆಗಿಬಿಟ್ಟರೆ? 1 ಮತ್ತು 4,464 ಅದಲುಬದಲಾಗಿ 4,464 ಗುಣಿಸು 65,536, ಕೂಡಿಸು 1 ಆಗುತ್ತದೆ. ಕಾಗದ ಪೆನ್ಸಿಲು ಹಿಡಿದು ಮಾಡಿ ನೋಡಿ: 29,25,52,705. ಮಿಲಿಮೀಟರಿಗೆ ಇಳಿಸಿದರೆ 365 ಮೀಟರಿಗೂ ಹೆಚ್ಚು. ಒಂದು ಮೀಟರ್ ಉದ್ದದ ಯಂತ್ರಕ್ಕೆ 'ಮೂರು ಫುಟ್‌ಬಾಲ್ ಮೈದಾನ ದಾಟಿ ಹೋಗು' ಎಂದು ಆಜ್ಞೆ ಕೊಟ್ಟಂತೆ. ಅದು ಪಾಪ, ಪ್ರಾಮಾಣಿಕವಾಗಿ ಹೊರಟೇಬಿಡುತ್ತದೆ.

ಬರೆಯುವುದರಲ್ಲಿ ಹೀಗಾದರೆ ಓದುವುದರಲ್ಲೂ ಒಂದು ಮೋಸವಿದೆ. ಅಡುಗೆಮನೆಯಿಂದ ಅಜ್ಜಿ 'ಗಂಟೆ ಎಷ್ಟೋ?' ಎಂದು ಕೂಗುತ್ತಾರೆ. ಗಡಿಯಾರದಲ್ಲಿ 9 ಗಂಟೆ 59 ನಿಮಿಷ. ನೀವು ಮೊದಲು ಗಂಟೆಯ ಅಂಕಿ ನೋಡಿ '9' ಎಂದು ನೆನಪಿಟ್ಟುಕೊಂಡಿರಿ. ಅಷ್ಟರಲ್ಲಿ ಗಡಿಯಾರ 10:00ಕ್ಕೆ ತಿರುಗಿತು. ನಿಮಿಷ ನೋಡಿದಿರಿ, 00. 'ಒಂಬತ್ತು ಗಂಟೆ ಅಜ್ಜಿ!' ಎಂದಿರಿ. ನೋಡಿದ್ದು ಎರಡೂ ನಿಜ, ಹೇಳಿದ್ದು ಮಾತ್ರ ಒಂದು ಗಂಟೆಯಷ್ಟು ಸುಳ್ಳು. ಓಡುತ್ತಿರುವ ಮೇಜಿನ ಜಾಗವನ್ನು ಎರಡು ಖಾನೆಗಳಿಂದ ಒಂದಾದ ಮೇಲೆ ಒಂದರಂತೆ ಓದಿದರೂ ಹೀಗೇ ಆಗುತ್ತದೆ. ಅದಕ್ಕೇ ಎರಡನ್ನೂ ಒಂದೇ ಪ್ರಶ್ನೆಯಲ್ಲಿ ಕೇಳಬೇಕು. ಮಾಡ್‌ಬಸ್‌ನಲ್ಲಿ ಒಂದೇ ಪ್ರಶ್ನೆಗೆ 125 ಖಾನೆಗಳವರೆಗೆ ಓದಬಹುದು. ಆ ಎರಡೂ ಖಾನೆಗಳಿಗೆ ಒಂದೇ ಕ್ಷಣದ ಜಾಗವನ್ನು ತುಂಬಿಕೊಡುವಂತೆ ನಿಯಂತ್ರಕವನ್ನೂ ಸಿದ್ಧಪಡಿಸಿರಬೇಕು.

ಬರೆಯುವವನಿಗೆ ಕಟ್ಟುಪಾಡು

ಸ್ಕೇಲು ಬಾಗಿದ ಮೇಲೆ ಆ ಕಾರ್ಖಾನೆಯಲ್ಲಿ ಏನು ಬದಲಾಯಿತು ಎಂದು ಕೇಳಿದೆ. ಮೊಮ್ಮಗಳು ಒಂದೊಂದಾಗಿ ಹೇಳುತ್ತಿದ್ದರೆ ನನಗೆ ನಮ್ಮ ಬ್ಯಾಂಕಿನ ಹಳೆಯ ನಿಯಮಗಳನ್ನೇ ಕೇಳಿದಂತಾಯಿತು.

ಒಂದು: ಬರೆದ ಕೂಡಲೇ ಮೇಜು ಹೊರಡಕೂಡದು. ಜಾಗ, ವೇಗ ಎಲ್ಲವನ್ನೂ ಮೊದಲು ಅವುಗಳ ಖಾನೆಗಳಲ್ಲಿ ಬರೆಯಬೇಕು. 'ಹೊರಡು' ಎಂಬುದಕ್ಕೆ ಬೇರೆಯೇ ಖಾನೆ. ಅದರಲ್ಲಿ 1 ಹಾಕುವುದು ಎಲ್ಲಕ್ಕಿಂತ ಕೊನೆಗೆ. ಮೊದಲೇ ಹಾಕಿದರೆ ಯಂತ್ರ ಹಳೆಯ ಸಂಖ್ಯೆಯನ್ನು ನಂಬಿಕೊಂಡು ಹೊರಡುತ್ತದೆ. ಚೆಕ್ಕಿನಲ್ಲಿ ಮೊತ್ತ ಬರೆಯುವ ಮೊದಲೇ ಸಹಿ ಹಾಕಿಕೊಟ್ಟ ಹಾಗೆ.

ಎರಡು: ಬರೆದದ್ದನ್ನು ಮರಳಿ ಓದಬೇಕು. ಕಂಪ್ಯೂಟರ್ 70,000 ಬರೆದ ಮೇಲೆ 'ನಿನಗೆ ಎಷ್ಟೆಂದು ಅರ್ಥವಾಯಿತು?' ಎಂದು ನಿಯಂತ್ರಕವನ್ನೇ ಕೇಳುತ್ತದೆ. ನಿಯಂತ್ರಕ ತಾನು ಲೆಕ್ಕ ಹಾಕಿದ ಮಿಲಿಮೀಟರನ್ನು ಇನ್ನೊಂದು ಖಾನೆಯಲ್ಲಿ ಇಡುತ್ತದೆ. 87.5 ಬಂದರೆ ಮಾತ್ರ 'ಹೊರಡು'. ಖಾನೆಯಲ್ಲಿರುವ ಅಂಕಿಯನ್ನಷ್ಟೇ ಮರಳಿ ಓದಿದ್ದರೆ ಅಂದಿನ ತಪ್ಪು ಸಿಗುತ್ತಿರಲಿಲ್ಲ. ಕೇಳಬೇಕಾದದ್ದು ಅಂಕಿಯನ್ನಲ್ಲ, ಅರ್ಥವನ್ನು.

ಮೂರು: ನಿಯಂತ್ರಕ ತಾನೂ ಪರೀಕ್ಷಿಸಬೇಕು. ಮೇಜಿನ ಉದ್ದ ಎಷ್ಟು, ಈ ಕೆಲಸಕ್ಕೆ ಎಡಕ್ಕೆ ಹೋಗುವ ಅಗತ್ಯವಿದೆಯೇ ಎಂಬ ಮಿತಿಗಳು ಅದರೊಳಗೇ ಇವೆ. ಮಿತಿ ಮೀರಿದ ಸಂಖ್ಯೆಯನ್ನು ಯಾರೇ ಬರೆಯಲಿ, ಅದು ಒಪ್ಪುವುದಿಲ್ಲ. ಬರೆದವನೇ ಪಾಸ್ ಮಾಡುವಂತಿಲ್ಲ ಎಂದು ಬ್ಯಾಂಕಿನಲ್ಲಿ ನಮಗೆ ಮೊದಲ ದಿನವೇ ಹೇಳಿಕೊಡುತ್ತಿದ್ದರು. ಇದೂ ಅದೇ.

ನಾಲ್ಕು: ನಾಡಿ ಹಿಡಿಯುವುದು. ಒಂದು ಖಾನೆಯಲ್ಲಿ ಕಂಪ್ಯೂಟರ್ ಆಗಾಗ್ಗೆ 1, 2, 3 ಎಂದು ಏರಿಸಿ ಬರೆಯುತ್ತಿರುತ್ತದೆ. ಅದಕ್ಕೆ ಬೇರೇನೂ ಅರ್ಥವಿಲ್ಲ, 'ನಾನಿದ್ದೇನೆ' ಎಂಬುದಷ್ಟೇ ಅರ್ಥ. ಆ ಸಂಖ್ಯೆ ಎರಡು ಸೆಕೆಂಡು ಬದಲಾಗದಿದ್ದರೆ ಕಂಪ್ಯೂಟರ್ ಕೆಟ್ಟಿತು, ಇಲ್ಲವೇ ತಂತಿ ಕಳಚಿತು ಎಂದು ತಿಳಿದು ನಿಯಂತ್ರಕ ಮೇಜನ್ನು ನಿಲ್ಲಿಸಿಬಿಡುತ್ತದೆ.

ಐದನೆಯದು ಮೊದಲೇ ಇತ್ತು. ಯಂತ್ರದ ಮುಂದೆ ಅಣಬೆಯಂಥ ಕೆಂಪು ಗುಂಡಿ. ಅದನ್ನು ಒತ್ತಿದರೆ ಮೋಟಾರಿನ ವಿದ್ಯುತ್ತೇ ಕಡಿಯುತ್ತದೆ. 'ತಾತ, ಇದಕ್ಕೆ ವಿಳಾಸವೇ ಇಲ್ಲ. ಇದು ಬರೀ ತಂತಿ. ಯಾವ ಪ್ರೋಗ್ರಾಮೂ ಇದರ ಮೇಲೆ ಬರೆಯಲಾರದು' ಎಂದಳು. ಕೈ ಗುಡಿಸಲು ಹೋಗುವ ಮುನ್ನ ಆ ಗುಂಡಿ ಒತ್ತಿರಬೇಕು ಎಂಬ ನಿಯಮವನ್ನು ಅದರ ಪಕ್ಕದಲ್ಲೇ ಕನ್ನಡದಲ್ಲಿ ಬರೆದು ಅಂಟಿಸಿದ್ದಾರೆ. ಗುಡಿಸುತ್ತಿದ್ದ ಹುಡುಗ ಈಗಲೂ ಅಲ್ಲೇ ಕೆಲಸದಲ್ಲಿದ್ದಾನೆ. ನಮಗೆ ಕಾಫಿ ತಂದುಕೊಟ್ಟವನು ಅವನೇ. ಲೋಟ ಹಿಡಿದ ಆ ಐದು ಬೆರಳುಗಳನ್ನು ನಾನು ನೋಡಿದೆ.

ಚಂದ್ರನ ಬಳಿ ಬರೆದ ಸಂಖ್ಯೆಗಳು

ಮೆಮೊರಿ ವಿಳಾಸಕ್ಕೆ ಸಂಖ್ಯೆ ಬರೆದು ದೊಡ್ಡ ಅಪಾಯ ತಪ್ಪಿಸಿದ ಕತೆಯೂ ಇದೆ. ಅದು ನಡೆದದ್ದು ಕಾರ್ಖಾನೆಯಲ್ಲಲ್ಲ, ಚಂದ್ರನ ಬಳಿ. ಈ ಪುಟ ಓದುತ್ತಿರುವ ಅಜ್ಜಂದಿರಿಗೆ ಅಪೊಲೊ 14 ನೆನಪಿರಬಹುದು.

1971ರ ಫೆಬ್ರವರಿ 5. ಅಲನ್ ಶೆಪರ್ಡ್ ಮತ್ತು ಎಡ್ಗರ್ ಮಿಚೆಲ್ ಚಂದ್ರನ ಮೇಲೆ ಇಳಿಯಲು ಸಿದ್ಧರಾಗಿದ್ದರು. ಅವರ ನೌಕೆಯ ಎಂಜಿನನ್ನು ನಡೆಸುತ್ತಿದ್ದ ಕಂಪ್ಯೂಟರ್ ಒಂದು ಬಗೆಯ ಚಲನೆಯ ನಿಯಂತ್ರಕವೇ. ಅದರ ಮೆಮೊರಿಯಲ್ಲಿ ಅಳಿಸಿ ಬರೆಯಬಹುದಾದ ಖಾನೆಗಳು 2,048 ಮಾತ್ರ. ಉಳಿದ 36,864 ಖಾನೆಗಳ ಪ್ರೋಗ್ರಾಮನ್ನು ತಂತಿ ಹೆಣೆದು ಮಾಡಿದ್ದರು, ಅಲ್ಲಿ ಒಂದಕ್ಷರವನ್ನೂ ತಿದ್ದುವಂತಿರಲಿಲ್ಲ.

ಇಳಿಯುವ ಮುನ್ನ ಒಂದು ವಿಚಿತ್ರ ಕಂಡಿತು. 'ಇಳಿಯುವುದು ಬೇಡ, ವಾಪಸ್ ಹೋಗು' ಎಂಬ ಗುಂಡಿಯನ್ನು ಯಾರೂ ಒತ್ತಿರಲಿಲ್ಲ. ಕಂಪ್ಯೂಟರಿಗೆ ಮಾತ್ರ ಒತ್ತಿದಂತೆ ಕಾಣುತ್ತಿತ್ತು. ಫಲಕವನ್ನು ತಟ್ಟಿದರೆ ಸಂಕೇತ ಮಾಯ, ಸ್ವಲ್ಪ ಹೊತ್ತಿಗೆ ಮತ್ತೆ ಹಾಜರು. ಗುಂಡಿಯೊಳಗೆ ಬೆಸುಗೆಯ ಚೂರೊಂದು ತೇಲಾಡುತ್ತಿರಬೇಕು ಎಂದು ಊಹಿಸಿದರು. ಇಳಿಯುವಾಗ ಹೀಗಾದರೆ ಕಂಪ್ಯೂಟರ್ ಅದನ್ನು ನಂಬಿ ನೌಕೆಯನ್ನು ಮೇಲಕ್ಕೆ ಹಾರಿಸಿಬಿಡುತ್ತಿತ್ತು.

ಭೂಮಿಯ ಮೇಲೆ, ಮ್ಯಾಸಚೂಸೆಟ್ಸ್‌ನಲ್ಲಿ, ಆ ಪ್ರೋಗ್ರಾಮ್ ಬರೆದವರಲ್ಲೊಬ್ಬರಾದ ಡಾನ್ ಐಲ್ಸ್ ಎಂಬ ಯುವಕ ಕೂತು ಯೋಚಿಸಿದರು. ಹೆಣೆದ ಪ್ರೋಗ್ರಾಮನ್ನು ಬದಲಿಸುವಂತಿಲ್ಲ. ಆದರೆ ಅಳಿಸಿ ಬರೆಯಬಹುದಾದ ಕೆಲವು ಖಾನೆಗಳಲ್ಲಿ ಸರಿಯಾದ ಸಮಯಕ್ಕೆ ಸರಿಯಾದ ಸಂಖ್ಯೆ ಹಾಕಿದರೆ ಕಂಪ್ಯೂಟರ್ ಆ ಗುಂಡಿಯ ಕಡೆ ನೋಡುವುದನ್ನೇ ಬಿಡುತ್ತದೆ! ಕೆಲವೇ ಗಂಟೆಗಳಲ್ಲಿ ಉಪಾಯ ಸಿದ್ಧವಾಯಿತು. ಆದರೂ ಅದನ್ನು ನೇರವಾಗಿ ಮೇಲಕ್ಕೆ ಕಳಿಸಲಿಲ್ಲ. ನೆಲದ ಮೇಲಿನ ಅಣಕು ನೌಕೆಯಲ್ಲಿ ಪರೀಕ್ಷಿಸಿ, ಆಮೇಲೆ ರೇಡಿಯೊದಲ್ಲಿ ಓದಿ ಹೇಳಿದರು. ಹೇಳಿದ್ದನ್ನು ಮರಳಿ ಓದಿ ಖಚಿತಪಡಿಸುವುದು ಆ ಯಾತ್ರೆಗಳ ರೂಢಿ. ಮಿಚೆಲ್ ಆ ಸಂಖ್ಯೆಗಳನ್ನು ಕೀಲಿಮಣೆಯಲ್ಲಿ ಒತ್ತಿದರು. ನೌಕೆ ಸುರಕ್ಷಿತವಾಗಿ ಇಳಿಯಿತು.

ನಾಲ್ಕು ಲಕ್ಷ ಕಿಲೋಮೀಟರಿಗೆ ಹತ್ತಿರದ ದೂರ, ಇಬ್ಬರ ಪ್ರಾಣ, ಕಾಯದ ಗಡಿಯಾರ. ಅಂಥ ಹೊತ್ತಿನಲ್ಲೂ ಅವರು ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡುವ ನಿಯಮ ಬಿಡಲಿಲ್ಲ. ಅವಸರವಿದೆ ಎಂದು ನಿಯಮ ಬಿಡುವವರು ಈ ಕತೆಯನ್ನು ಒಮ್ಮೆ ನೆನೆಯಬೇಕು.

ಮನೆಯಲ್ಲೇ ಒಂದು ಆಟ

ಇದನ್ನೆಲ್ಲ ಕೈಯಾರೆ ತಿಳಿಯಲು ಒಂದು ಆಟವಿದೆ. ಕಂಪ್ಯೂಟರ್ ಬೇಡ. ಒಂದು ಸ್ಲೇಟು, ಬಳಪ, ಉದ್ದ ಕಾಗದದ ಪಟ್ಟಿ, ಒಂದು ನಾಣ್ಯ ಸಾಕು. ಪಟ್ಟಿಯ ನಡುವೆ 0 ಎಂದು ಬರೆದು ಎರಡೂ ಕಡೆ ಹತ್ತು ಹತ್ತು ಮನೆ ಎಳೆಯಿರಿ. ನಾಣ್ಯವೇ ಮೇಜು. ಎಡಗಡೆಯ 6ನೇ ಮನೆಯಲ್ಲಿ ಒಂದು ಬಳೆಚೂರು ಇಡಿ. ಅದು ಯಾರದೋ ಬೆರಳು ಎಂದುಕೊಳ್ಳಿ, ನಾಣ್ಯ ಅದನ್ನು ಮುಟ್ಟಬಾರದು.

ಸ್ಲೇಟಿನಲ್ಲಿ ನಾಲ್ಕು ಖಾನೆ ಎಳೆದು 0, 1, 2, 3 ಎಂದು ವಿಳಾಸ ಕೊಡಿ. ಖಾನೆ 0ರಲ್ಲಿ ಎಷ್ಟು ಮನೆ. ಖಾನೆ 1ರಲ್ಲಿ ಯಾವ ಕಡೆ, ಬಲಕ್ಕೆ 1, ಎಡಕ್ಕೆ 2. ಖಾನೆ 2ರಲ್ಲಿ 'ಹೊರಡು'. ಖಾನೆ 3ರಲ್ಲಿ ನಾಣ್ಯ ಈಗಿರುವ ಮನೆ. ಮೊಮ್ಮಗ ಅಥವಾ ಮೊಮ್ಮಗಳು ಪ್ರೋಗ್ರಾಮ್. ಅವರು ಮೊದಲ ಮೂರು ಖಾನೆಗಳಲ್ಲಿ ಬರೆಯಬಹುದು, ಬಾಯಿ ಬಿಡುವಂತಿಲ್ಲ. ಅಜ್ಜ ಅಥವಾ ಅಜ್ಜಿ ನಿಯಂತ್ರಕ. ಅವರು ಖಾನೆ 2ನ್ನೇ ನೋಡುತ್ತಿರಬೇಕು. ಅಲ್ಲಿ 1 ಕಂಡ ತಕ್ಷಣ ಉಳಿದ ಖಾನೆಗಳಲ್ಲಿ ಏನಿದೆಯೋ ಅದರಂತೆ ನಾಣ್ಯ ಸರಿಸಿ, ಖಾನೆ 3ನ್ನು ತಿದ್ದಿ, 'ಹೊರಡು' ಖಾನೆಯನ್ನು ಮತ್ತೆ 0 ಮಾಡಬೇಕು. ಪ್ರಶ್ನೆ ಕೇಳುವಂತಿಲ್ಲ. ಯಂತ್ರ ಕೇಳುವುದಿಲ್ಲವಲ್ಲ!

ಮೊದಲು ಸರಿಯಾದ ಕ್ರಮದಲ್ಲಿ ಆಡಿ. ಆಮೇಲೆ ಬೇಕೆಂದೇ 'ಹೊರಡು' ಎಂಬುದನ್ನು ಮೊದಲು ಬರೆದು ನೋಡಿ. ನಾಣ್ಯ ಹಿಂದಿನ ಸಲದ ಸಂಖ್ಯೆಯಂತೆ ಓಡುತ್ತದೆ. ಮೂರನೆಯ ಸಲ ಒಬ್ಬರಿಗೆ ಗೊತ್ತಿಲ್ಲದಂತೆ ಇನ್ನೊಬ್ಬರು ಬಲಕ್ಕೆ 2, ಎಡಕ್ಕೆ 1 ಎಂದು ಅರ್ಥ ಬದಲಿಸಿ ಆಡಿ. ಬಳೆಚೂರು ಎಷ್ಟು ಸಲ ಉಳಿಯುತ್ತದೆ, ಎಣಿಸಿ. ಕೊನೆಗೆ ಒಂದು ನಿಯಮ ಸೇರಿಸಿ: 'ಹೊರಡು' ಬರೆಯುವ ಮೊದಲು ನಿಯಂತ್ರಕ ತನಗೆ ಅರ್ಥವಾದದ್ದನ್ನು ಗಟ್ಟಿಯಾಗಿ ಹೇಳಬೇಕು. 'ನಾನು ಎಡಕ್ಕೆ 6 ಮನೆ ಹೋಗುತ್ತೇನೆ' ಎಂದು ಅಜ್ಜಿ ಹೇಳಿದ ಕೂಡಲೇ ಮಗು 'ಬೇಡ, ಬೇಡ!' ಎಂದು ಸ್ಲೇಟು ಒರೆಸುವುದನ್ನು ನೋಡಿ.

ಆ 'ಬೇಡ, ಬೇಡ' ಎನ್ನಲು ಸಿಗುವ ಒಂದು ಕ್ಷಣವನ್ನು ಉಳಿಸಿಕೊಳ್ಳುವುದೇ ಈ ಇಡೀ ವಿದ್ಯೆಯ ಸಾರ. ಓದುವುದಕ್ಕೆ ಕುತೂಹಲ ಸಾಕು. ಬರೆಯುವ ಮೊದಲು ಆ ಕಡೆ ಯಾರ ಕೈ ಇದೆ ಎಂದು ನೋಡಬೇಕು.